ಒಲೆ ಹಚ್ಚುವ ಮೊದಲೇ ಬೇಯುವ ಕಾಳು

ವ್ಯಾನಿನಲ್ಲೋ ಟೆಂಟಿನಲ್ಲೋ ತಿಂಗಳುಗಟ್ಟಲೆ ಅಲೆಯುತ್ತಾ ಬದುಕುವವರಿಗೆ ಒಣ ಕಾಳಿನಷ್ಟು ಅನುಕೂಲದ ದಿನಸಿ ಇನ್ನೊಂದಿಲ್ಲ. ಫ್ರಿಜ್ ಬೇಡ. ಬೇಗ ಕೆಡುವುದಿಲ್ಲ. ಜಾಗ ಇದ್ದಲ್ಲಿ ತುರುಕಬಹುದು. ಅದರ ತೂಕದಲ್ಲಿ ನೀರು ನೂರಕ್ಕೆ ಹತ್ತು ಹದಿನಾಲ್ಕು ಪಾಲು ಮಾತ್ರ. ಪ್ರೋಟೀನ್ ಸುಮಾರು 20ರಿಂದ 25 ಪಾಲು. ಬೇಯಿಸಿ ಡಬ್ಬಿಯಲ್ಲಿ ತುಂಬಿದ ಕಾಳಿನ ಜೊತೆ ಹೋಲಿಸಿ ನೋಡಿ. 400 ಗ್ರಾಂ ಡಬ್ಬಿಯ ನೀರು ಬಸಿದರೆ ಕೈಗೆ ಸಿಗುವ ಕಾಳು 240 ಗ್ರಾಂ ಆಸುಪಾಸು. ಅಷ್ಟಾಗಲು ಒಣ ಕಾಳು 100 ಗ್ರಾಂ ಸಾಕು. ಉಳಿದದ್ದೆಲ್ಲ ನಾವು ಸುಮ್ನೆ ಹೊತ್ತು ತಿರುಗುವ ನೀರು, ತಗಡು.

ಆದರೆ ಚೀಲದಲ್ಲಿ ಉಳಿಸಿದ ಈ ಭಾರವನ್ನು ಗ್ಯಾಸ್ ಸಿಲಿಂಡರಿನಲ್ಲಿ ಹೊರಬೇಕಾಗುತ್ತದೆ. ನೆನೆಸದ ಕಡಲೆಕಾಳು ಒಲೆಯ ಮೇಲೆ ಎರಡು ಗಂಟೆ ಕೂತರೂ ಹಲ್ಲಿಗೆ ಜಗ್ಗುವುದಿಲ್ಲ. ರಸ್ತೆಯ ಬದುಕಿನಲ್ಲಿ ಇಂಧನವೂ ನೀರೂ ಅಳತೆಯವು. ಹಾಗಾಗಿ ಕಾಳಿನೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡರೆ ನೇರವಾಗಿ ಗ್ಯಾಸ್ ಉಳಿಯುತ್ತದೆ.

ಕಾಳು ಬೇಯುವುದೆಂದರೆ ಬೇರೆ ಬೇರೆ ಎರಡು ಕೆಲಸ. ಮೊದಲು ನೀರು ಒಳಗೆ ಹೋಗಬೇಕು. ಆಮೇಲೆ ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಬೇಕು. ಇಟ್ಟಿಗೆಗಳ ನಡುವಿನ ಗಾರೆಯಂತೆ ಈ ಪೆಕ್ಟಿನ್. ಅದು ಸಡಿಲವಾದಾಗಲೇ ಕಾಳು ಬೆರಳಿಗೆ ಸಿಕ್ಕಿ ಹಿಟ್ಟಾಗುತ್ತದೆ. ಎರಡನೆಯ ಕೆಲಸಕ್ಕೆ ಬೆಂಕಿ ಬೇಕೇ ಬೇಕು. ಮೊದಲನೆಯದಕ್ಕೆ ಬೆಂಕಿಯ ಅಗತ್ಯವೇ ಇಲ್ಲ, ಹೊತ್ತು ಸಾಕು. ಎರಡನ್ನೂ ಒಲೆಯ ಮೇಲೇ ಮಾಡಿಸುವುದು ದುಂದು.

ನೀರು ಸಿಪ್ಪೆಯ ಮೂಲಕ ಎಲ್ಲ ಕಡೆಯಿಂದ ನುಗ್ಗುತ್ತದೆ ಎಂದುಕೊಳ್ಳುತ್ತೇವೆ. ಹಲವು ಕಾಳುಗಳಲ್ಲಿ ಹಾಗಲ್ಲ. ಗಿಡದಲ್ಲಿದ್ದಾಗ ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಒಂದು ಗುರುತು ಇರುತ್ತದೆ. ಅಲಸಂದೆಯಲ್ಲಿ ಅದು ಎದ್ದು ಕಾಣುವ ಕಣ್ಣು. ನೀರು ಮೊದಲು ಆ ಕಣ್ಣಿನ ಸುತ್ತಮುತ್ತ ದಾರಿ ಮಾಡಿಕೊಳ್ಳುತ್ತದೆ. ಸಿಪ್ಪೆ ಬೇಗ ನೀರು ಕುಡಿದು ಹಿಗ್ಗುತ್ತದೆ, ಒಳಗಿನ ತಿರುಳು ಇನ್ನೂ ಒಣಗಿಯೇ ಇರುತ್ತದೆ. ಅದಕ್ಕೇ ನೆನೆಹಾಕಿದ ಸ್ವಲ್ಪ ಹೊತ್ತಿಗೆ ಕಾಳು ಸುಕ್ಕುಸುಕ್ಕಾಗಿ ಕಾಣುತ್ತದೆ. ತಿರುಳೂ ಉಬ್ಬಿದ ಮೇಲೆ ಸುಕ್ಕು ಮಾಯ, ತೂಕ ಹೆಚ್ಚುಕಡಿಮೆ ಎರಡರಷ್ಟು. ಸುಕ್ಕು ಹೋಗಿದೆಯೇ ಎಂದು ನೋಡುವುದು ಗಡಿಯಾರ ನೋಡುವುದಕ್ಕಿಂತ ಒಳ್ಳೆಯದು. ಸೆಖೆಯ ಜಾಗದಲ್ಲಿ ಐದಾರು ಗಂಟೆಗೇ ಆಗಿಬಿಡುತ್ತದೆ, ಚಳಿಯಲ್ಲಿ ಇಡೀ ರಾತ್ರಿ ಸಾಲದೆಯೂ ಹೋಗಬಹುದು. ಸೆಖೆಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ನೆನೆಸುವ ನೀರಿಗೆ ಉಪ್ಪು ಹಾಕಬಾರದು, ಕಾಳು ಗಟ್ಟಿಯಾಗುತ್ತದೆ ಎನ್ನುವ ಮಾತು ಕೇಳಿರುತ್ತೀರಿ, ಅಲ್ವಾ? ನಿಜ ಇದರ ಉಲ್ಟಾ. ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನಲ್ಲಿರುವ ಸೋಡಿಯಂ ನೆನೆಯುವಾಗ ಇವುಗಳಲ್ಲಿ ಒಂದಿಷ್ಟನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಸೋಡಿಯಂಗೆ ಎರಡು ಎಳೆಗಳನ್ನು ಜೋಡಿಸಿ ಹಿಡಿಯುವ ಶಕ್ತಿಯಿಲ್ಲ. ಬಿಗಿ ಸಡಿಲವಾಗುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಲೀಟರಿಗೆ ಸುಮಾರು 15 ಗ್ರಾಂ ಉಪ್ಪು ಸಾಕು. ನೆನೆದ ಮೇಲೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಚೆಲ್ಲುವ ನೀರಿನ ಜೊತೆ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳೂ ಒಂದಿಷ್ಟು ಹೋಗುತ್ತವೆ. ಇವನ್ನು ಜೀರ್ಣಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಹಾಗಾಗಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಗಾಳಿ ಮಾಡುತ್ತವೆ. ಇಬ್ಬರು ಮಲಗುವ ಟೆಂಟಿನಲ್ಲಿ ಇದು ಸಣ್ಣ ವಿಷಯವೇನಲ್ಲ.

ಹುಳಿಯ ವಿಷಯದಲ್ಲಿ ಮಾತ್ರ ಹಳಬರ ಮಾತು ಸರಿ. ಟೊಮೆಟೊ, ನಿಂಬೆ, ವಿನೆಗರ್ ಇವೆಲ್ಲ ಪೆಕ್ಟಿನ್ ಕರಗದಂತೆ ತಡೆಯುತ್ತವೆ. ಕಾಳು ಬೆಂದ ಮೇಲೆಯೇ ಇವುಗಳ ಸರದಿ.

ಕ್ಯಾಲ್ಸಿಯಂ ಬರೀ ಕಾಳಿನೊಳಗಿನಿಂದ ಬರುವುದಿಲ್ಲ, ನೀರಿನಿಂದಲೂ ಬರುತ್ತದೆ. ಮನೆಯಲ್ಲಿರುವವರಿಗೆ ನೀರು ದಿನವೂ ಒಂದೇ. ಅಲೆಮಾರಿಗೆ ಇಂದು ಮಳೆನೀರು, ನಾಳೆ ಸುಣ್ಣಕಲ್ಲಿನ ನೆಲದ ಬೋರ್‌ವೆಲ್. ಅದೇ ಕಾಳು, ಅದೇ ಪಾತ್ರೆ, ಅದೇ ಉರಿ. ಆದರೂ ನಿನ್ನೆ ಬೆಂದದ್ದು ಇವತ್ತು ಬೇಯುವುದಿಲ್ಲ. ನೀರು ಗಡಸು, ಅಷ್ಟೇ. ಸೋಪಿಗೆ ನೊರೆ ಬಾರದಿದ್ದರೆ ಅಂಥ ನೀರೆಂದು ಗೊತ್ತಾಗುತ್ತದೆ. ಆಗ ಅಡುಗೆ ಸೋಡಾ ಒಂದು ಚಿಟಿಕೆ ಹಾಕಬಹುದು. ಕ್ಷಾರದಲ್ಲಿ ಪೆಕ್ಟಿನ್ ಬೇಗ ಕರಗುತ್ತದೆ. ಕೈ ಜಾರಿದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ನನ್ನ ಮಟ್ಟಿಗೆ ಸೋಡಾ ಕೊನೆಯ ಉಪಾಯ. ಕುಡಿಯುವ ನೀರನ್ನೇ ಒಂದಿಷ್ಟು ಕಾಳಿಗೆ ಕೊಡುವುದು ಮೇಲು.

ಕೆಲವು ಕಾಳು ಏನು ಮಾಡಿದರೂ ಬೇಯುವುದಿಲ್ಲ. ಹೆಚ್ಚಿನ ಸಲ ಅದಕ್ಕೆ ಕಾರಣ ಅವುಗಳನ್ನು ಇಟ್ಟ ಜಾಗ. ಕಾಳಿನಲ್ಲಿ ಫೈಟೇಟ್ ಎಂಬ ವಸ್ತುವಿದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತನ್ನ ಹತ್ತಿರ ಹಿಡಿದಿಟ್ಟುಕೊಂಡಿರುತ್ತದೆ. ಬಿಸಿಯೂ ತೇವವೂ ಇರುವ ಕಡೆ ಕಾಳು ತಿಂಗಳುಗಟ್ಟಲೆ ಕೂತರೆ ಈ ಫೈಟೇಟ್ ಒಡೆಯುತ್ತಾ ಹೋಗುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಸೀದಾ ಹೋಗಿ ಪೆಕ್ಟಿನ್ ಜೊತೆ ಸೇರಿ ಗಂಟುಬೀಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ವಾಹನದ ಒಳಗೆ 50 ಡಿಗ್ರಿ ದಾಟುವುದು ಮಾಮೂಲಿ. ಅಂದರೆ ಕಾಳನ್ನು ಕೆಡಿಸಲು ನಾವು ಹೇಳಿ ಮಾಡಿಸಿದ ಗೋದಾಮನ್ನೇ ಓಡಿಸಿಕೊಂಡು ತಿರುಗುತ್ತೇವೆ. ಹಾಗಾಗಿ ದೊಡ್ಡ ಮೂಟೆ ಕೊಳ್ಳುವುದು ಜಾಣತನವಲ್ಲ. ಎರಡು ಮೂರು ವಾರಕ್ಕೆ ಆಗುವಷ್ಟು, ಗಾಳಿಯಾಡದ ಡಬ್ಬಿಯಲ್ಲಿ, ವಾಹನದ ನೆಲಮಟ್ಟದಲ್ಲಿ, ನೆರಳಿನ ಬದಿಗೆ. ಹಳೆಯದನ್ನೂ ಹೊಸದನ್ನೂ ಬೆರೆಸಬೇಡಿ. ಹೊಸದು ಕರಗಿ ಹೋಗುವ ಹೊತ್ತಿಗೂ ಹಳೆಯದು ಕಟಕಟ ಅನ್ನುತ್ತಿರುತ್ತದೆ.

ರಾಜ್ಮಾ ಬಗ್ಗೆ ಒಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷದ ಪ್ರೋಟೀನ್ ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಅಪಾಯವಿರುವುದು ಅರೆಬರೆ ಬೆಂದದ್ದರಲ್ಲಿ. 80 ಡಿಗ್ರಿಯಷ್ಟರಲ್ಲೇ ಬೆಚ್ಚಗೆ ಇಟ್ಟ ರಾಜ್ಮಾದ ವಿಷ ಹಸಿಯದಕ್ಕಿಂತಲೂ ಹೆಚ್ಚಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುವುದು ಹೀಗೆ: ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ. ನೆನೆಸಿದ ರಾಜ್ಮಾಗೆ ಬಿಸಿನೀರು ಸುರಿದು ಫ್ಲಾಸ್ಕಿನಲ್ಲಿ ಮುಚ್ಚಿಡುವ ಸೋಮಾರಿ ಅಡುಗೆ ಈ ಒಂದು ಕಾಳಿಗೆ ಬೇಡವೇ ಬೇಡ.

ಎತ್ತರದ ಬೆಟ್ಟಗಳಲ್ಲಿ ತೊಂದರೆ ಇನ್ನೊಂದು ಬಗೆಯದು. 1835ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡೀಸ್ ಪರ್ವತ ದಾಟುತ್ತಿದ್ದಾಗ ಅವರ ತಂಡ ಆಲೂಗಡ್ಡೆ ಬೇಯಲು ಇಟ್ಟಿತು. ಪಾತ್ರೆ ರಾತ್ರಿಯಿಡೀ ಬೆಂಕಿಯ ಮೇಲಿತ್ತು. ಬೆಳಗ್ಗೆ ಮತ್ತೆ ಕುದಿಸಿದರು. ಆಲೂಗಡ್ಡೆ ಜಪ್ಪಯ್ಯ ಅನ್ನಲಿಲ್ಲ. ಪಾತ್ರೆ ಹೊಸದು, ಅದಕ್ಕೆ ಬೇಯಿಸಲು ಮನಸ್ಸಿಲ್ಲ ಎಂದು ಜೊತೆಗಿದ್ದವರು ತೀರ್ಮಾನಿಸಿದರಂತೆ. ತಪ್ಪು ಪಾತ್ರೆಯದಲ್ಲ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಮಟ್ಟವೂ ಇಳಿಯುತ್ತದೆ. 3000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಜೋರು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಹತ್ತು ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆ ಅರ್ಧದಷ್ಟು ನಿಧಾನವಾಗುತ್ತದೆ ಎಂಬುದು ಒರಟು ಲೆಕ್ಕ. ಕಾಳಿನ ವಿಷಯದಲ್ಲಿ ಆ ಅರ್ಧವೂ ಉದಾರವಾದ ಲೆಕ್ಕವೇ.

ಮದ್ದು ಕುಕ್ಕರ್. ಫ್ರಾನ್ಸಿನ ಡೆನಿ ಪಪಾಂ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ ಬಿಗಿಮುಚ್ಚಳದ ಪಾತ್ರೆಯಲ್ಲಿ ಮೂಳೆಗಳೇ ಮೆತ್ತಗಾಗುತ್ತಿದ್ದವು. ಈಗಿನ ಕುಕ್ಕರಿನೊಳಗೆ ಸಮುದ್ರಮಟ್ಟದಲ್ಲಿ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ನೆನೆದ ಕಡಲೆ ಅರ್ಧ ಗಂಟೆಯೊಳಗೆ ಬೇಯುತ್ತದೆ. ಕುಕ್ಕರ್ ಭಾರ ಎಂದು ಬಿಟ್ಟು ಹೊರಡುವವರಿದ್ದಾರೆ. ಬೆನ್ನ ಮೇಲೆ ಹೊರುವವರಾದರೆ ಸರಿ, ವಾಹನವಿದ್ದವರಿಗೆ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಾಳು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನೊರೆಯೂ ಸಿಪ್ಪೆಯೂ ಮೇಲೆದ್ದು ಆವಿಯ ದಾರಿ ಮುಚ್ಚಬಹುದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ.

ಕುಕ್ಕರ್ ಇಲ್ಲದವರು ಮುಚ್ಚಳದ ಲೆಕ್ಕ ತಿಳಿದಿರಬೇಕು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 335 ಕಿಲೋಜೂಲ್ ಬೇಕು. ಅದೇ ಲೀಟರನ್ನು ಕುದಿಸಿ ಪೂರ್ತಿ ಆವಿ ಮಾಡಲು ಇನ್ನೂ 2257 ಕಿಲೋಜೂಲ್. ಒಲೆಯ ಶಾಖದಲ್ಲಿ ಅರ್ಧ ಪಾತ್ರೆಗೆ ತಲುಪುತ್ತದೆ ಎಂದಿಟ್ಟುಕೊಂಡರೆ ಕುದಿ ಬರಿಸಲು 15 ಗ್ರಾಂ ಗ್ಯಾಸ್, ಆವಿಯಾಗಿ ಹಾರಿಸಲು ಸುಮಾರು 100 ಗ್ರಾಂ. ಕೊತಕೊತ ಕುದಿಯುವ ಪಾತ್ರೆಯಲ್ಲಿ ಕಾಳು ಬೇಗ ಬೇಯುವುದಿಲ್ಲ, ಗ್ಯಾಸ್ ಬೇಗ ಮುಗಿಯುತ್ತದೆ. ಕುದಿ ಬಂದ ಮೇಲೆ ಮುಚ್ಚಳ, ಸಣ್ಣ ಉರಿ, ಗಾಳಿಗೆ ಅಡ್ಡ ಒಂದು ಮರೆ.

ಇನ್ನೂ ಉಳಿಸಬೇಕೆಂದರೆ ನೆನೆದ ಹೆಸರುಕಾಳನ್ನೋ ಅಲಸಂದೆಯನ್ನೋ ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ಹಾಗೇ ಕಂಬಳಿಯಲ್ಲಿ ಸುತ್ತಿಡಿ. ತುಂಬಿದ ದೊಡ್ಡ ಪಾತ್ರೆಯಾದರೆ ತಾಸುಗಟ್ಟಲೆ ಬಿಸಿ ನಿಲ್ಲುತ್ತದೆ. ಸಣ್ಣದು ಬೇಗ ಆರುತ್ತದೆ. ಹಗಲು ಖಾಲಿ ಬಿದ್ದಿರುವ ಸ್ಲೀಪಿಂಗ್ ಬ್ಯಾಗ್ ಕೂಡ ಇದಕ್ಕೆ ಆಗುತ್ತದೆ, ಆದರೆ ಮುಚ್ಚಳ ಜಾರಿದರೆ ಆ ರಾತ್ರಿ ಕಾಳಿನ ಜೊತೆಗೇ ಮಲಗಬೇಕು. ಬಿಸಿ 60 ಡಿಗ್ರಿಗಿಂತ ಇಳಿಯುವ ಮೊದಲು ತೆಗೆದು ತಿನ್ನಬೇಕು, ಇಲ್ಲವೇ ಮತ್ತೆ ಕುದಿಸಬೇಕು. ಅದರ ಕೆಳಗೆ ಬ್ಯಾಕ್ಟೀರಿಯಾ ಚುರುಕಾಗುತ್ತದೆ.

ಇಷ್ಟು ತಿಳಿದ ಮೇಲೆ ಅಡುಗೆಮನೆ ಜೋಡಿಸುವ ರೀತಿಯೂ ಬದಲಾಗುತ್ತದೆ. ಕ್ಯಾಂಪ್ ಕಿಚನ್ ಎಂದರೆ ಎಲ್ಲರೂ ಡಬ್ಬಿ, ಕೊಕ್ಕೆ, ಮಡಚುವ ಮೇಜು ಎಂದು ಜಾಗದ ಮಾತೇ ಆಡುತ್ತಾರೆ. ನಾನು ಹೊತ್ತಿನ ಲೆಕ್ಕದಲ್ಲಿ ಜೋಡಿಸುತ್ತೇನೆ. ನಾಳೆಯ ಕಾಳು ಇಂದು ರಾತ್ರಿಯೇ ನೆನೆಯಬೇಕು. ಅದಕ್ಕೆ ಅಗಲ ಬಾಯಿಯ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಜಾರ್ ಒಂದು ಕೈಗೆ ಸಿಗುವಲ್ಲೇ ಇರಬೇಕು. ಅರ್ಧಕ್ಕಿಂತ ಕಡಿಮೆ ಕಾಳು, ಮೇಲೆ ನೀರು, ಉಬ್ಬಲು ಜಾಗ. ಬೆಳಗ್ಗೆ ಹೊರಡುವಾಗ ನೀರು ಬಸಿದು, ತೊಳೆದು, ಅದೇ ಜಾರಿನಲ್ಲಿ ತಂಪಾದ ಕಡೆ ಇಟ್ಟರೆ ಸಂಜೆ ಒಲೆಗೆ ಸಿದ್ಧ. ಪೆಟ್ಟಿಗೆ ತುಂಬುವುದೂ ಹಾಗೇ. ನಿಂತ ಕೂಡಲೇ ಬೇಕಾಗುವ ಒಲೆ, ಲೈಟರ್, ಪಾತ್ರೆ, ಚಾಕು ಮೇಲೆ. ವಾರಕ್ಕೊಮ್ಮೆ ತೆಗೆಯುವ ದಿನಸಿ ತಳದಲ್ಲಿ. ಭಾರದ ನೀರಿನ ಕ್ಯಾನು ನೆಲಕ್ಕಂಟಿ, ಚಕ್ರಗಳ ನಡುವೆ. ತಿರುವಿನಲ್ಲಿ ವಾಹನ ಕಡಿಮೆ ತೂಗಾಡುತ್ತದೆ.

ಒಲೆ ಮಾತ್ರ ಹೊರಗೆ. ಮುಚ್ಚಿದ ಟೆಂಟಿನಲ್ಲಿ, ಕಿಟಕಿ ಹಾಕಿದ ವ್ಯಾನಿನಲ್ಲಿ ಉರಿಯುವ ಒಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಕೊರೆಯುವ ಚಳಿಯಲ್ಲಿ ಇನ್ನೊಂದು ಕಾಟ: ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಒಲೆ ಸತ್ತಂತಾಗುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಚಳಿನಾಡಿಗೆ ಪ್ರೊಪೇನ್ ಬೆರೆತ ಸಿಲಿಂಡರ್ ಒಯ್ಯಿರಿ.

ಬೆಂದ ಕಾಳು ಉಳಿದರೆ ಎರಡು ಗಂಟೆಯೊಳಗೆ ತಣ್ಣನೆಯ ಪೆಟ್ಟಿಗೆಗೆ ಹೋಗಬೇಕು. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ಐಸ್ ಇಲ್ಲದ ದಿನ ಒಂದು ಹೊತ್ತಿಗೆ ಆಗುವಷ್ಟೇ ಬೇಯಿಸಿ. ನೆನೆಹಾಕಲು ಮರೆತು ಮಲಗಿದ ದಿನಗಳಿಗೆ ಸಿಪ್ಪೆ ತೆಗೆದು ಒಡೆದ ಮಸೂರ್ ಬೇಳೆಯ ಒಂದು ಡಬ್ಬಿ ಬೇರೆಯಾಗಿ ಇರಲಿ. ಅದಕ್ಕೆ ಸಿಪ್ಪೆಯ ತಡೆಯಿಲ್ಲ, ತಿರುಳೂ ತೆಳು. ನೆನೆಸದೆಯೇ, ಕುಕ್ಕರಿಲ್ಲದೆಯೇ, ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಬೇಯುತ್ತದೆ.