ಜಗಳವಿಲ್ಲದ ಪಂಜರದಲ್ಲಿ ಸೊರಗುವ ಫಿಂಚ್

ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿಗಳ ಬೇರೆ ಬೇರೆ ಜಾತಿಗಳನ್ನು ಒಂದೇ ಪಂಜರದಲ್ಲಿ ಸಾಕಬಹುದೇ ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: ಶಾಂತ ಸ್ವಭಾವದ ಜಾತಿಗಳನ್ನು ಆರಿಸಿಕೊಳ್ಳಿ, ಜಗಳವಾಡದಿದ್ದರೆ ತೊಂದರೆಯಿಲ್ಲ. ಪಕ್ಷಿವೈದ್ಯನಾಗಿ ಈ ಉತ್ತರದ ದ್ವಿತೀಯಾರ್ಧವನ್ನು ನಾನು ಒಪ್ಪಲಾರೆ. ಮಿಶ್ರ ಪಂಜರಗಳಿಂದ ಚಿಕಿತ್ಸೆಗೆ ಬರುವ ಫಿಂಚ್‌ಗಳಲ್ಲಿ ಕಚ್ಚಿಸಿಕೊಂಡು ಗಾಯಗೊಂಡವು ಕಡಿಮೆ. ಮೈಮೇಲೆ ಒಂದು ಗೀರೂ ಇಲ್ಲದ, ಆದರೆ ಬೆರಳಿಟ್ಟು ನೋಡಿದರೆ ಎದೆಮೂಳೆ ಚಾಕುವಿನ ಅಲಗಿನಂತೆ ತಾಗುವ ಹಕ್ಕಿಗಳೇ ಹೆಚ್ಚು. ‘ಒಂದು ದಿನವೂ ಕಚ್ಚಾಡಿದ್ದನ್ನು ನೋಡಿಲ್ಲ’ ಎಂದು ಸಾಕಿದವರು ಹೇಳುತ್ತಾರೆ. ಅದು ನಿಜವೇ ಆಗಿರುತ್ತದೆ.

ಏಕೆಂದರೆ ಫಿಂಚ್‌ಗಳ ನಡುವೆ ಯಾರ ಮೇಲುಗೈ ಎಂಬುದು ಬಹುಪಾಲು ಕೊಕ್ಕಿನ ಪೆಟ್ಟಿನಿಂದ ತೀರ್ಮಾನವಾಗುವುದಿಲ್ಲ. ಕಾಳಿನ ಬಟ್ಟಲಿನ ಅಂಚಿನಲ್ಲಿ ಒಂದು ಹಕ್ಕಿ ಕೂತಿರುವಾಗ ಇನ್ನೊಂದು ಹಾರಿಬಂದು ಪಕ್ಕದಲ್ಲಿ ಇಳಿಯುತ್ತದೆ. ಮೊದಲನೆಯದು ಗೇಣುದ್ದ ಸರಿದು, ಮತ್ತೆ ಸರಿದು, ಕೊನೆಗೆ ಮೇಲಿನ ಕೋಲಿಗೆ ಹಾರಿಹೋಗಿ ಅಲ್ಲಿಂದ ಬಟ್ಟಲನ್ನೇ ನೋಡುತ್ತಾ ಕೂರುತ್ತದೆ. ಪೆಟ್ಟಿಲ್ಲ, ಗದ್ದಲವಿಲ್ಲ. ಇದು ಬೆಳಗಿನಿಂದ ಸಂಜೆಯವರೆಗೆ ಮರುಕಳಿಸುತ್ತಿದ್ದರೆ ಆ ಹಕ್ಕಿಯ ಹೊಟ್ಟೆಗೆ ಸೇರುವುದು ಬೇಕಾದದ್ದರ ಒಂದು ಪಾಲು ಮಾತ್ರ. ಝೀಬ್ರಾ ಫಿಂಚ್‌ನ ತೂಕ ಸುಮಾರು 12ರಿಂದ 15 ಗ್ರಾಂ. ಹಗಲಿಡೀ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಲೇ ಇರಬೇಕಾದ ಇಷ್ಟು ಪುಟ್ಟ ಜೀವಕ್ಕೆ ಒಂದಿಡೀ ದಿನದ ಉಪವಾಸವೂ ಪ್ರಾಣಕ್ಕೆ ಎರವಾಗಬಹುದು. ಅದರ ಜೊತೆಗೆ, ಬೇಟೆಗೆ ಈಡಾಗುವ ಎಲ್ಲ ಸಣ್ಣ ಹಕ್ಕಿಗಳಂತೆ ಫಿಂಚ್ ಕೂಡ ನಿತ್ರಾಣವನ್ನು ಕೊನೆಯ ಗಳಿಗೆಯವರೆಗೆ ತೋರಗೊಡುವುದಿಲ್ಲ. ಆದುದರಿಂದ ಮಿಶ್ರ ಪಂಜರ ಚೆನ್ನಾಗಿದೆಯೇ ಎಂಬುದಕ್ಕೆ ಜಗಳದ ಲೆಕ್ಕಕ್ಕಿಂತ ತೂಕದ ಲೆಕ್ಕವೇ ನಂಬತಕ್ಕ ಅಳತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾತಿಗಳನ್ನು ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ, ಹಕ್ಕಿ ಮೈಗೆ ಮೈ ತಾಗಿಸಿ ಕೂರುವ ಜಾತಿಯದೋ ಅಥವಾ ಅಂತರ ಬಯಸುವ ಜಾತಿಯದೋ ಎಂಬುದು. ಬೆಂಗಾಲೀಸ್ ಫಿಂಚ್, ಅಂದರೆ ಸೊಸೈಟಿ ಫಿಂಚ್, ಮೊದಲನೆಯ ಗುಂಪಿನ ಅತ್ಯುತ್ತಮ ಉದಾಹರಣೆ. 18ನೆಯ ಶತಮಾನದಿಂದ ಜಪಾನಿನಲ್ಲಿ ಮನುಷ್ಯರ ಆರೈಕೆಯಲ್ಲಿ ರೂಪುಗೊಂಡ ಈ ಹಕ್ಕಿ ಕಾಡಿನಲ್ಲಿ ಎಲ್ಲಿಯೂ ಇಲ್ಲ. ಅದರ ಮೂಲ ಬಿಳಿ ಸೊಂಟದ ಮುನಿಯ. ತಲೆಮಾರುಗಳ ಆಯ್ಕೆಯಿಂದ ಬಂದ ಅದರ ಸೌಮ್ಯತೆ ಎಷ್ಟೆಂದರೆ ಗುಂಪಿನ ಹಕ್ಕಿಗಳೆಲ್ಲ ಒಂದೇ ಗೂಡಿನೊಳಗೆ ಒತ್ತೊತ್ತಾಗಿ ಮಲಗುತ್ತವೆ. ಝೀಬ್ರಾ ಫಿಂಚ್ ತನ್ನ ಜೋಡಿಯೊಂದಿಗೆ ಅಂಟಿಕೊಂಡೇ ಇರುತ್ತದೆ, ಒಂದರ ಕುತ್ತಿಗೆಯ ಗರಿಗಳನ್ನು ಇನ್ನೊಂದು ತೀಡುತ್ತದೆ, ಜೋಡಿಯಿಲ್ಲದಿದ್ದರೆ ಸಿಕ್ಕ ಹಕ್ಕಿಯ ಪಕ್ಕ ಕೂತು ಅದನ್ನೇ ತೀಡಲು ಹೊರಡುತ್ತದೆ. ಆಸ್ಟ್ರೇಲಿಯದ ಉತ್ತರ ಭಾಗದ ಗೌಲ್ಡಿಯನ್ ಫಿಂಚ್ ಇದಕ್ಕೆ ತದ್ವಿರುದ್ಧ. ಅದು ಗುಂಪಿನಲ್ಲಿ ಇರಲು ಇಷ್ಟಪಡುತ್ತದೆ, ಆದರೆ ಮುಟ್ಟಿಸಿಕೊಳ್ಳುವುದನ್ನು ಬಯಸುವುದಿಲ್ಲ. ಜೋಡಿಯಾದ ಗಂಡು ಹೆಣ್ಣುಗಳೂ ಪರಸ್ಪರ ಗರಿ ತೀಡುವುದಿಲ್ಲ. ಒಂದು ಗೌಲ್ಡಿಯನ್ ಜೋಡಿಯನ್ನು ನಾಲ್ಕಾರು ಝೀಬ್ರಾಗಳ ನಡುವೆ ಬಿಟ್ಟರೆ, ಝೀಬ್ರಾಗಳಿಗೆ ಸಹಜವಾದ ಸ್ನೇಹವೇ ಗೌಲ್ಡಿಯನ್‌ಗೆ ನಿಲ್ಲದ ಕಿರುಕುಳವಾಗುತ್ತದೆ. ಅದು ಸರಿಯುತ್ತದೆ, ಮತ್ತೆ ಸರಿಯುತ್ತದೆ. ಇದನ್ನು ಯಾವ ಪಟ್ಟಿಯಲ್ಲಿಯೂ ಜಗಳವೆಂದು ಬರೆದಿರುವುದಿಲ್ಲ.

ಇದನ್ನು ಕಣ್ಣಾರೆ ಕಾಣಬೇಕಾದರೆ ಸಂಜೆ ಬೆಳಕು ಇಳಿಯುವ ಅರ್ಧ ಗಂಟೆ ಪಂಜರದಿಂದ ತುಸು ದೂರ ಸದ್ದಿಲ್ಲದೆ ಕೂರಬೇಕು. ಮಧ್ಯಾಹ್ನ ಅನ್ಯೋನ್ಯವಾಗಿ ಕಾಣುವ ಗುಂಪು ಮಲಗುವ ಜಾಗಕ್ಕಾಗಿ ಆ ಹೊತ್ತಿನಲ್ಲಿ ತನ್ನ ನಿಜವಾದ ಶ್ರೇಣಿಯನ್ನು ತೋರಿಸುತ್ತದೆ. ಎತ್ತರದ ಕೋಲು ಯಾರದು, ಕೊನೆಗೆ ನೆಲದ ಬಳಿ ಅಥವಾ ಬಟ್ಟಲಿನ ಅಂಚಿನಲ್ಲಿ ರಾತ್ರಿ ಕಳೆಯುವ ಹಕ್ಕಿ ಯಾವುದು ಎಂಬುದನ್ನು ಗುರುತಿಸಿಕೊಳ್ಳಿ. ಮೊದಲು ಸೊರಗುವುದು ಬಹುತೇಕ ಆ ಹಕ್ಕಿಯೇ.

ನಿಜವಾದ ಕದನ ಶುರುವಾಗುವುದು ಗೂಡಿನ ಸುತ್ತ. ಝೀಬ್ರಾ ಫಿಂಚ್ ಆಸ್ಟ್ರೇಲಿಯದ ಒಣ ಪ್ರದೇಶಗಳಲ್ಲಿ ಮಳೆ ಬಿದ್ದು ಹುಲ್ಲಿನ ಕಾಳು ಸಿಕ್ಕಾಗಲೆಲ್ಲ ಮರಿ ಮಾಡಲು ಸಿದ್ಧವಾಗಿರುವ ಹಕ್ಕಿ. ಕಾಳು, ನೀರು ಎಂದೂ ಖಾಲಿಯಾಗದ ಪಂಜರದಲ್ಲಿ ಅದರ ಪಾಲಿಗೆ ಆ ಕಾಲ ಮುಗಿಯುವುದೇ ಇಲ್ಲ. ಗೂಡು ಕಟ್ಟುವ ಹುರುಪಿನಲ್ಲಿ ಅದು ನೆರೆಯವರ ಗೂಡಿನಿಂದ ನಾರು ಎಳೆದುಕೊಳ್ಳುತ್ತದೆ, ಪಕ್ಕದ ಹಕ್ಕಿಯ ಬೆನ್ನಿನ ಪುಕ್ಕ ಕಿತ್ತು ಗೂಡಿಗೆ ಹಾಸುತ್ತದೆ, ನಾರು ಹೇರಳವಾಗಿ ಸಿಗುತ್ತಿದ್ದರೆ ಮೊಟ್ಟೆಗಳ ಮೇಲೆಯೇ ಮತ್ತೊಂದು ಪದರ ಕಟ್ಟಿ ಅವನ್ನು ಹೂತುಬಿಡುತ್ತದೆ. ಆ ಮೊಟ್ಟೆ ಬೇರೆ ಜಾತಿಯದಾಗಿದ್ದರೂ ಅಷ್ಟೇ. ಬೆಂಗಾಲೀಸ್ ಹಕ್ಕಿಗಳಿಂದ ಬರುವ ಹಾನಿ ಬೇರೆ ಬಗೆಯದು: ಗೌಲ್ಡಿಯನ್ ಕಾವು ಕೂತಿರುವ ಪೆಟ್ಟಿಗೆಯೊಳಗೆ ನಾಲ್ಕು ಬೆಂಗಾಲೀಸ್ ಮಲಗಲು ನುಗ್ಗಿದರೆ ಮೊಟ್ಟೆ ತುಳಿತಕ್ಕೆ ಸಿಕ್ಕುತ್ತದೆ, ತಾಯಿ ಗೂಡು ಬಿಟ್ಟು ಹೊರಡುತ್ತದೆ. ಅಲ್ಲಿ ದುರುದ್ದೇಶವೇನೂ ಇಲ್ಲ, ಫಲ ಮಾತ್ರ ಅದೇ.

ಆದ್ದರಿಂದ ಮಿಶ್ರ ಪಂಜರದಲ್ಲಿ ಮರಿ ಮಾಡಿಸುವ ಆಸೆಯನ್ನು ಬಿಡುವುದೇ ಒಳ್ಳೆಯದೆಂದು ನಾನು ಸಲಹೆ ಕೊಡುತ್ತೇನೆ. ಗೂಡು, ಗೂಡಿನ ಪೆಟ್ಟಿಗೆ, ನಾರು ಎಲ್ಲವನ್ನೂ ತೆಗೆದುಬಿಡಿ. ಝೀಬ್ರಾ ಫಿಂಚ್ ಆಳವಾದ ಕಾಳಿನ ಬಟ್ಟಲನ್ನೂ ಗೂಡೆಂದು ಭಾವಿಸಬಹುದಾದ್ದರಿಂದ ಬಟ್ಟಲುಗಳು ಅಗಲವಾಗಿಯೂ ಆಳವಿಲ್ಲದೆಯೂ ಇರಲಿ. ಝೀಬ್ರಾಗಳಲ್ಲಿ ಗಂಡುಗಳನ್ನು ಮಾತ್ರ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಹೆಣ್ಣೂ ಗೂಡೂ ಇಲ್ಲದಿದ್ದರೆ ಅವು ಸಾಕಷ್ಟು ಸೌಮ್ಯವಾಗಿರುತ್ತವೆ. ಝೀಬ್ರಾ ಗಂಡನ್ನು ಕಂದು ಕೆನ್ನೆಯಿಂದ ಸುಲಭವಾಗಿ ಗುರುತಿಸಬಹುದು, ಬೆಂಗಾಲೀಸ್‌ನಲ್ಲಿ ಹಾಡುವುದು ಗಂಡು ಮಾತ್ರವಾದ್ದರಿಂದ ಕಿವಿಯಿಂದಲೇ ತಿಳಿಯಬೇಕು. ಮರಿ ಮಾಡಿಸಲೇಬೇಕೆಂದಿದ್ದರೆ ಜೋಡಿಗಳ ಸಂಖ್ಯೆಯ ಎರಡರಷ್ಟು ಗೂಡುಗಳನ್ನು ಒಂದೇ ಎತ್ತರದಲ್ಲಿ ದೂರ ದೂರ ಇಡಿ. ಒಂದು ಗೂಡು ಉಳಿದವುಗಳಿಗಿಂತ ಮೇಲಿದ್ದರೆ ಎಲ್ಲ ಹಕ್ಕಿಗಳ ಕಣ್ಣೂ ಅದರ ಮೇಲೆಯೇ ಬೀಳುತ್ತದೆ.

ಗಾತ್ರದ ವಿಷಯ ಸರಳ. ಸುಮಾರು 25 ಗ್ರಾಂ ತೂಗುವ, ಗಡುಸು ಕೊಕ್ಕಿನ ಜಾವಾ ಗುಬ್ಬಿಯನ್ನು ಅದರ ಅರ್ಧ ತೂಕವೂ ಇಲ್ಲದ ಕಾರ್ಡನ್‌ಬ್ಲೂ ಎಂಬ ಆಫ್ರಿಕದ ನೀಲಿ ಫಿಂಚ್ ಜೊತೆ ಇಡಬಾರದು. ಕಟ್‌ಥ್ರೋಟ್ ಫಿಂಚ್ ಇತರರ ಗೂಡಿಗೆ ನುಗ್ಗುವ ಹಕ್ಕಿ. ಬಡ್ಜಿ ಮತ್ತು ಲವ್‌ಬರ್ಡ್‌ಗಳು ಗಿಣಿಯ ಬಳಗದವು; ಫಿಂಚ್‌ನ ಕಾಲನ್ನು ಒಂದೇ ಕಡಿತದಲ್ಲಿ ಮುರಿಯಬಲ್ಲವು. ಅವನ್ನು ಫಿಂಚ್‌ಗಳೊಂದಿಗೆ ಎಂದೂ ಬೆರೆಸಬೇಡಿ.

ಹೋಲಿಕೆಯೂ ತೊಂದರೆ ತರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಣ್ಣ, ಆಕಾರ ಒಂದಕ್ಕೊಂದು ಹತ್ತಿರವಿರುವ ಗಂಡುಗಳು ಪರಸ್ಪರರನ್ನು ಪ್ರತಿಸ್ಪರ್ಧಿಗಳೆಂದು ಕಾಣುತ್ತವೆ. ಎರಡು ಕಾರ್ಡನ್‌ಬ್ಲೂ ಗಂಡುಗಳನ್ನು ಸಣ್ಣ ಪಂಜರದಲ್ಲಿ ಒಟ್ಟಿಗೆ ಇಡುವುದು ಅಪಾಯ. ಗೌಲ್ಡಿಯನ್‌ಗಳೊಳಗೇ ಕೆಂಪು ತಲೆಯವು ಕಪ್ಪು ತಲೆಯವುಗಳ ಮೇಲೆ ಮೇಲುಗೈ ಸಾಧಿಸುತ್ತವೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಇನ್ನು ಹತ್ತಿರದ ಬಂಧುಗಳು ಬೆರೆತರೆ ಅಡ್ಡತಳಿ ಹುಟ್ಟುತ್ತದೆ: ಬೆಂಗಾಲೀಸ್ ಇತರ ಮುನಿಯಗಳೊಂದಿಗೂ, ಝೀಬ್ರಾ ಔಲ್ ಫಿಂಚ್‌ನೊಂದಿಗೂ ಕೂಡಬಲ್ಲವು. ಇದಕ್ಕಿಂತ ಸೂಕ್ಷ್ಮವಾದದ್ದು ಮರಿಗಳ ಕಲಿಕೆ. ಜರ್ಮನಿಯ ಪ್ರಾಣಿವರ್ತನೆ ವಿಜ್ಞಾನಿ ಕ್ಲೌಸ್ ಇಮ್ಮೆಲ್‌ಮನ್ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಬೆಂಗಾಲೀಸ್ ದಂಪತಿ ಸಾಕಿದ ಝೀಬ್ರಾ ಗಂಡುಮರಿಗಳು ಸಾಕುತಂದೆಯ ಹಾಡನ್ನೇ ಕಲಿತವು, ದೊಡ್ಡವಾದ ಮೇಲೆ ಬೆಂಗಾಲೀಸ್ ಹೆಣ್ಣುಗಳನ್ನೇ ಓಲೈಸಿದವು. ಸಾಕುತಾಯಿಯ ಆಸರೆಯಲ್ಲಿ ಬೆಳೆದ ಹಕ್ಕಿಯನ್ನು ಕೊಂಡುತಂದು ಅದರದೇ ಜಾತಿಯ ಸಂಗಾತಿ ಕೊಟ್ಟಾಗ ಅದು ಮುಖ ತಿರುಗಿಸುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಆಹಾರದಲ್ಲಿ ಹೊಂದಿಕೆ ತರುವುದು ನಿಜಕ್ಕೂ ಕಷ್ಟದ ಕೆಲಸ. ನವಣೆಯಂತಹ ಸಣ್ಣ ಕಾಳು, ಸೊಪ್ಪು, ಕ್ಯಾಲ್ಸಿಯಂಗಾಗಿ ಇಡುವ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಎಲ್ಲ ಜಾತಿಗಳಿಗೂ ಸಲ್ಲುತ್ತವೆ. ಆದರೆ ಕಾರ್ಡನ್‌ಬ್ಲೂ ಮುಂತಾದ ವ್ಯಾಕ್ಸ್‌ಬಿಲ್ ಎಂಬ ಪುಟ್ಟ ಫಿಂಚ್‌ಗಳಿಗೆ ಮರಿ ಸಾಕುವಾಗ ಜೀವಂತ ಹುಳುಗಳು ಬೇಕು, ಗರಿ ಉದುರಿಸುತ್ತಿರುವ ಗೌಲ್ಡಿಯನ್‌ಗೆ ಹೆಚ್ಚು ಪ್ರೋಟೀನ್ ಬೇಕು. ಅವುಗಳಿಗೆಂದು ಇಟ್ಟ ಮೊಟ್ಟೆಯ ಆಹಾರವನ್ನು ಮೊದಲು ಮುಗಿಸುವುದು ಝೀಬ್ರಾ. ಅದರಿಂದ ಉತ್ತೇಜನಗೊಂಡು ಝೀಬ್ರಾ ಹೆಣ್ಣು ಬಿಡುವಿಲ್ಲದೆ ಮೊಟ್ಟೆಯಿಡುತ್ತದೆ, ಕ್ಯಾಲ್ಸಿಯಂ ಬರಿದಾಗುತ್ತದೆ, ಕೊನೆಗೆ ಮೊಟ್ಟೆ ಹೊರಬರದೆ ಸಿಕ್ಕಿಕೊಂಡ ಸ್ಥಿತಿಯಲ್ಲಿ ವೈದ್ಯರ ಬಳಿ ಬರುತ್ತದೆ. ಒಂದು ಜಾತಿಗೆ ಮದ್ದಾಗುವ ಆಹಾರ ಇನ್ನೊಂದಕ್ಕೆ ಅಪಾಯವಾಗುವ ಈ ಸಂದರ್ಭದಲ್ಲಿ, ಗರಿ ಉದುರುವ ತಿಂಗಳುಗಳಲ್ಲಾದರೂ ಗೌಲ್ಡಿಯನ್‌ಗಳನ್ನು ಬೇರೆ ಪಂಜರಕ್ಕೆ ಒಯ್ಯುವುದಕ್ಕಿಂತ ಉತ್ತಮ ಪರಿಹಾರ ನನಗೆ ತಿಳಿದಿಲ್ಲ.

ಇನ್ನು ಕಾಯಿಲೆಗಳು. ಮಿಶ್ರ ಪಂಜರದಲ್ಲಿ ಎಲ್ಲಕ್ಕಿಂತ ಆರೋಗ್ಯವಾಗಿ ಕಾಣುವ ಹಕ್ಕಿಯೇ ಸೋಂಕಿನ ಮೂಲವಾಗಿರಬಹುದು. ಕೋಕ್ಲೋಸೋಮಾ ಎಂಬ ಕರುಳಿನ ಏಕಕೋಶ ಪರಾವಲಂಬಿ ಬೆಂಗಾಲೀಸ್ ಫಿಂಚ್‌ನಲ್ಲಿ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ಅದೇ ಜೀವಿ ಗೌಲ್ಡಿಯನ್ ಮರಿಗಳನ್ನು, ಮುಖ್ಯವಾಗಿ ಹತ್ತು ದಿನಗಳಿಂದ ಆರು ವಾರಗಳ ವಯಸ್ಸಿನವನ್ನು, ಕೊಲ್ಲುತ್ತದೆ. ಬೆಂಗಾಲೀಸ್ ದಂಪತಿಯಿಂದ ಗೌಲ್ಡಿಯನ್ ಮರಿಗಳನ್ನು ಸಾಕಿಸುವ ಪದ್ಧತಿಯ ದೊಡ್ಡ ಅಪಾಯ ಇದೇ. ಹಿಕ್ಕೆಯಲ್ಲಿ ಜೀರ್ಣವಾಗದ ಇಡೀ ಕಾಳು ಕಂಡರೆ ತಕ್ಷಣ ಎಚ್ಚೆತ್ತುಕೊಳ್ಳಬೇಕು.

ಶ್ವಾಸನಾಳದ ನುಸಿ ಇನ್ನೊಂದು. ಇದು ಗೌಲ್ಡಿಯನ್ ಮತ್ತು ಕ್ಯಾನರಿಗಳಲ್ಲಿ ಹೆಚ್ಚು. ಹಾಡುತ್ತಿದ್ದ ಗಂಡಿನ ದನಿ ಒಡೆಯುತ್ತದೆ, ರಾತ್ರಿಯ ನಿಶ್ಶಬ್ದದಲ್ಲಿ ಉಸಿರಾಟದೊಂದಿಗೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತದೆ. ಪರೀಕ್ಷೆಯಲ್ಲಿ ನಾವು ಕುತ್ತಿಗೆಯ ಗರಿಗಳನ್ನು ಸ್ಪಿರಿಟ್‌ನಿಂದ ಒದ್ದೆ ಮಾಡಿ ಬದಿಗೆ ಸರಿಸಿ, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಸಣ್ಣ ಪ್ರಖರ ದೀಪ ಹಿಡಿಯುತ್ತೇವೆ. ಚರ್ಮ ಪಾರದರ್ಶಕವಾಗಿ ಕಂಡು, ಶ್ವಾಸನಾಳದೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ನಿಧಾನವಾಗಿ ಸರಿದಾಡುವುದು ಕಾಣುತ್ತದೆ. ಐವರ್‌ಮೆಕ್ಟಿನ್‌ನಂತಹ ಔಷಧಿಯನ್ನು ಚರ್ಮದ ಮೇಲೆ ಹನಿಯಾಗಿ ಹಾಕುವುದು ಚಿಕಿತ್ಸೆ. ಪ್ರಮಾಣವನ್ನು ವೈದ್ಯರೇ ಲೆಕ್ಕ ಹಾಕಬೇಕು, ಮತ್ತು ಪಂಜರದಲ್ಲಿರುವ ಅಷ್ಟೂ ಹಕ್ಕಿಗಳಿಗೆ, ಲಕ್ಷಣವಿಲ್ಲದವಕ್ಕೂ, ಕೊಡಬೇಕು.

ಹೊಸ ಹಕ್ಕಿಯನ್ನು 30ರಿಂದ 45 ದಿನ ಬೇರೆ ಕೋಣೆಯಲ್ಲಿ ಇಡಿ, ಅದರ ಆರೈಕೆಯನ್ನು ದಿನದ ಕೊನೆಗೆ ಮಾಡಿ. ಬಳಿಕ ಬೆರೆಸುವಾಗ ಅಂಜುಬುರುಕ ಜಾತಿಯನ್ನು ಮೊದಲು ಬಿಟ್ಟು, ಅದು ಜಾಗ ಗುರುತಿಸಿಕೊಂಡ ಮೇಲೆ ದಿಟ್ಟ ಜಾತಿಯನ್ನು ಸೇರಿಸಿ. ಫಿಂಚ್‌ಗಳು ಅಡ್ಡಡ್ಡ ಹಾರುವ ಹಕ್ಕಿಗಳಾದ್ದರಿಂದ ಪಂಜರದ ಎತ್ತರಕ್ಕಿಂತ ಉದ್ದ ಮುಖ್ಯ. 90 ಸೆಂಟಿಮೀಟರ್ ಉದ್ದದ ಪಂಜರ ಒಂದೇ ಜಾತಿಗೆ ಸರಿ. ಎರಡು ಮೂರು ಜಾತಿಗಳು ಇರಬೇಕಾದರೆ ಎರಡು ಮೀಟರ್‌ಗಿಂತ ಕಡಿಮೆ ಉದ್ದವನ್ನು ನಾನು ಒಪ್ಪುವುದಿಲ್ಲ. ಸರಳುಗಳ ನಡುವಿನ ಅಂತರ 1.2 ಸೆಂಟಿಮೀಟರ್ ಮೀರಬಾರದು. ಕಾಳಿನ ಬಟ್ಟಲುಗಳನ್ನು ಒಂದರಿಂದ ಇನ್ನೊಂದು ಕಾಣದಂತೆ, ನಡುವೆ ಕೊಂಬೆ ಎಲೆಗಳ ಮರೆ ಮಾಡಿ, ಮೂರು ನಾಲ್ಕು ಕಡೆ ಇಡುವುದರಿಂದ ಮೊದಲು ಹೇಳಿದ ಆ ಮೌನದ ಹಸಿವು ಎಷ್ಟೋ ತಗ್ಗುತ್ತದೆ. ಆರಂಭಿಸುವವರಿಗೆ ನಾನು ಸೂಚಿಸುವ ಜೊತೆ ಸ್ಟಾರ್ ಫಿಂಚ್ ಮತ್ತು ಗೌಲ್ಡಿಯನ್. ಎರಡೂ ಹೆಚ್ಚು ಗದ್ದಲವಿಲ್ಲದವು. ಝೀಬ್ರಾ ಮತ್ತು ಬೆಂಗಾಲೀಸ್ ಗೂಡಿಲ್ಲದ ಪಂಜರದಲ್ಲಿ ಹೊಂದಿಕೊಳ್ಳುತ್ತವೆ.

ವಾರಕ್ಕೊಮ್ಮೆ ಪ್ರತಿ ಹಕ್ಕಿಯನ್ನೂ ಗಾಳಿಯಾಡುವ ಸಣ್ಣ ಡಬ್ಬಿಯಲ್ಲಿಟ್ಟು, ಗ್ರಾಂನ ಹತ್ತನೆಯ ಒಂದಂಶ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಹತ್ತರಲ್ಲೊಂದು ಪಾಲು ಇಳಿದಿದ್ದರೆ ಕಾರಣ ಹುಡುಕುತ್ತಾ ಕಾಯದೆ ಅಂದೇ ಆ ಹಕ್ಕಿಯನ್ನು, ಅದಕ್ಕೆಂದೇ ಸಿದ್ಧವಾಗಿಟ್ಟ ಇನ್ನೊಂದು ಪಂಜರಕ್ಕೆ ಬೆಚ್ಚಗೆ ವರ್ಗಾಯಿಸಿ. ಅಲ್ಲಿ ಒಂಟಿಯಾಗಿ, ಅಥವಾ ತನ್ನ ಜೋಡಿಯೊಂದಿಗೆ, ಚೆನ್ನಾಗಿ ತಿಂದು ಎರಡು ಮೂರು ದಿನಗಳಲ್ಲಿ ತೂಕ ಏರತೊಡಗಿದರೆ ತೊಂದರೆ ಇದ್ದದ್ದು ಸಹವಾಸದಲ್ಲಿ. ಅದನ್ನು ಹಳೆಯ ಪಂಜರಕ್ಕೆ ಹಿಂದಿರುಗಿಸಬೇಡಿ. ಮಂಕಾಗಿ ಗರಿ ಉಬ್ಬಿಸಿ ಕೂತಿದ್ದರೆ, ಬಾಲ ಆಡಿಸುತ್ತಾ ಉಸಿರಾಡುತ್ತಿದ್ದರೆ, ಇಲ್ಲವೇ ಮರುದಿನವೂ ತೂಕ ಇಳಿದಿದ್ದರೆ ಮೂರನೆಯ ದಿನಕ್ಕೆ ಕಾಯದೆ ಹಕ್ಕಿಯನ್ನು ಅದೇ ಪಂಜರದೊಡನೆ ವೈದ್ಯರ ಬಳಿ ಒಯ್ಯಿರಿ. ಕೋಕ್ಲೋಸೋಮಾ ತಣ್ಣಗಾದ ಹಿಕ್ಕೆಯಲ್ಲಿ ಬೇಗ ಸತ್ತು ಸೂಕ್ಷ್ಮದರ್ಶಕಕ್ಕೆ ಕಾಣದಂತಾಗುವುದರಿಂದ, ಹಿಂದಿನ ದಿನದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿ ತರುವುದಕ್ಕಿಂತ ಹಕ್ಕಿ ಅಲ್ಲಿಯೇ ಹಾಕುವ ಬಿಸಿ ಹಿಕ್ಕೆ ಪರೀಕ್ಷೆಗೆ ಹೆಚ್ಚು ಉಪಯುಕ್ತ.