ಬೆಳ್ಳಗೆ ಕಾಣುವ ಎಲುಬೆಲ್ಲ ಗಟ್ಟಿಯಲ್ಲ

ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಹುಬ್ಬಳ್ಳಿಗೆ ಚಿಕಿತ್ಸೆಗೆಂದು ಬರುವವರಲ್ಲಿ, ಹಿಂದಿನಿಂದ ಯಾರಾದರೂ ಕರೆದರೆ ಕೊರಳು ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡುವ ಹಿರಿಯರಿರುತ್ತಾರೆ. ಅಂಥವರ ಮುಂಗೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ, ಎರಡು ಎಲುಬುಗಳ ನಡುವಿನ ತೆಳು ಪೊರೆಯಲ್ಲಿಯೂ ಕ್ಯಾಲ್ಸಿಯಂ ಕಟ್ಟಿಕೊಂಡು ಅಂಚಿನುದ್ದಕ್ಕೂ ಮುಳ್ಳು ಮೂಡಿದಂತೆ ಕಾಣುತ್ತದೆ. ಬೆನ್ನೆಲುಬು ಇರಬೇಕಾದುದಕ್ಕಿಂತ ಬೆಳ್ಳಗಿರುತ್ತದೆ. ವರ್ಷಗಟ್ಟಲೆ ಕುಡಿದ ಬೋರ್‌ವೆಲ್ ನೀರಿನಲ್ಲಿದ್ದ ಫ್ಲೋರೈಡ್ ಇದಕ್ಕೆ ಕಾರಣವೆಂಬುದು ಹಳ್ಳಿಯವರಿಗೂ ತಿಳಿದಿದೆ. ಅದು ಎಲುಬಿನ ಜೀವಕೋಶಗಳಲ್ಲಿ ಏನು ಮಾಡುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಎಲುಬು ಜೀವವಿಡೀ ಸವೆಯುತ್ತ, ಹೊಸದಾಗಿ ಕಟ್ಟಿಕೊಳ್ಳುತ್ತ ಇರುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಭಾಗವನ್ನು ಆಮ್ಲದಿಂದ ಕರಗಿಸುತ್ತವೆ. ಆ ಜಾಗದಲ್ಲಿ ಆಸ್ಟಿಯೋಬ್ಲಾಸ್ಟ್ ಕೋಶಗಳು ಕೊಲಾಜನ್ ಹಂದರವನ್ನು ಹೆಣೆದು, ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಅದರಲ್ಲಿ ಕೂಡುವಂತೆ ಮಾಡುತ್ತವೆ. ರ‍್ಯಾಂಕ್-ಎಲ್ ಎಂಬ ಪ್ರೋಟೀನು ಕರಗಿಸುವ ಕೋಶಗಳನ್ನು ಬೆಳೆಸುತ್ತದೆ, ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನು ಅದನ್ನು ತಡೆಯುತ್ತದೆ ಎಂಬುದು 1997–98ರ ಸುಮಾರಿಗೆ ಸ್ಪಷ್ಟವಾಯಿತು. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿದಾಗ ರ‍್ಯಾಂಕ್-ಎಲ್ ಕೈ ಮೇಲಾಗಿ ಎಲುಬು ಟೊಳ್ಳಾಗುತ್ತದೆ. ಅದನ್ನು ತಡೆಯುವ ಡೆನೊಸುಮ್ಯಾಬ್ ಚುಚ್ಚುಮದ್ದು 2010ರಲ್ಲಿ ಬಳಕೆಗೆ ಬಂದಿತು.

ಫ್ಲೋರೈಡಿನ ದಾರಿ ಬೇರೆ. ಅದು ಆಸ್ಟಿಯೋಬ್ಲಾಸ್ಟ್‌ಗಳನ್ನೇ ಪ್ರಚೋದಿಸುತ್ತದೆ. ಹರಳಿನಲ್ಲಿ ಹೈಡ್ರಾಕ್ಸಿಲ್ ಎಂಬ ಆಮ್ಲಜನಕ-ಜಲಜನಕದ ಜೋಡಿ ಇರಬೇಕಾದ ಕಡೆ ತಾನು ಕೂತು, ಸುಲಭವಾಗಿ ಕರಗದ ಎಲುಬನ್ನು ಕಟ್ಟಿಸುತ್ತದೆ. ಆದರೆ ಅತಿಯಾದಾಗ ಹೊಸ ಎಲುಬಿನ ಹೆಣಿಗೆ ಅಸ್ತವ್ಯಸ್ತವಾಗಿ, ಖನಿಜವೂ ಸರಿಯಾಗಿ ಕೂಡುವುದಿಲ್ಲ. ಇದೇ ಫ್ಲೋರೈಡನ್ನು ಟೊಳ್ಳೆಲುಬಿಗೆ ಔಷಧವೆಂದು ಅಮೆರಿಕದಲ್ಲಿ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ ಫಲಿತಾಂಶ ಪ್ರತಿಯೊಬ್ಬ ವೈದ್ಯನೂ ನೆನಪಿಡಬೇಕಾದದ್ದು: ನಾಲ್ಕು ವರ್ಷಗಳಲ್ಲಿ ಸೊಂಟದ ಕಶೇರುಕಗಳ ಸಾಂದ್ರತೆ ಶೇ. 35ರಷ್ಟು ಏರಿತು, ಆದರೂ ಬೆನ್ನೆಲುಬಿನ ಮುರಿತಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ, ಉಳಿದೆಡೆಯ ಮುರಿತಗಳು ಹೆಚ್ಚಿದವು.

ಆದ್ದರಿಂದ ಫ್ಲೋರೈಡ್ ಹೆಚ್ಚಿರುವ ಊರಿನವರ ಎಲುಬಿನ ಸಾಂದ್ರತೆಯ ವರದಿ ಚೆನ್ನಾಗಿದೆ ಎಂದು ಸಮಾಧಾನ ಹೇಳಿ ಕಳಿಸುವುದು ನನ್ನ ದೃಷ್ಟಿಯಲ್ಲಿ ಅಪಾಯಕಾರಿ. ರಕ್ತದಲ್ಲಿ ಎಲುಬು ಕಟ್ಟುವ ಕೆಲಸದ ಚುರುಕನ್ನು ಸೂಚಿಸುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ, ವಿಟಮಿನ್ ಡಿ, ಕ್ಯಾಲ್ಸಿಯಂ ಮಟ್ಟವನ್ನು ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಮೂತ್ರದ ಫ್ಲೋರೈಡ್ ಪ್ರಮಾಣವನ್ನೂ ನೋಡಬೇಕು. ಊಟದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ಕರಗಿಸುವ ಕೋಶಗಳೂ ಚುರುಕಾಗುತ್ತವೆ. ಒಂದೇ ನೀರು ಕುಡಿದವರಲ್ಲಿ ದೊಡ್ಡವರ ಬೆನ್ನು ಸೆಟೆದು, ಮಕ್ಕಳ ಮೊಣಕಾಲು ಒಳಕ್ಕೆ ಬಾಗುವುದಕ್ಕೆ ವಯಸ್ಸಿನ ಜತೆಗೆ ಇದೂ ಕಾರಣ. ಹಾಲು, ಮಜ್ಜಿಗೆ ಮತ್ತು ರಾಗಿಯನ್ನು ಊಟದಲ್ಲಿ ಹೆಚ್ಚಿಸಿರೆಂದು ಹೇಳುವುದು ಇದೇ ಕಾರಣಕ್ಕೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಆಗಬಹುದು ಎಂಬುದು ನಮ್ಮ ದೇಶದ ಮಾನದಂಡ. ಊರೂರಿನ ನೀರನ್ನು ಪರೀಕ್ಷಿಸುವಾಗ ಅದನ್ನು ಕುಡಿಯುವವರ ರಕ್ತ, ಮೂತ್ರದ ಮಾದರಿಗಳನ್ನೂ ಅವರ ಒಪ್ಪಿಗೆಯಿಂದ ಸಂಗ್ರಹಿಸಿ ಕಾದಿಟ್ಟರೆ, ಒಂದೇ ಮನೆಯಲ್ಲಿ ಒಬ್ಬರಿಗೆ ಬೇನೆ ಬಂದು ಇನ್ನೊಬ್ಬರಿಗೆ ಬಾರದಿರುವುದು ಏಕೆಂದು ಜೀನ್‌ಗಳ ಮಟ್ಟದಲ್ಲಿ ಇಲ್ಲಿಯೇ ಹುಡುಕಲು ಸಾಧ್ಯವಾಗುತ್ತದೆ.