ಅರ್ಧಾಯು ಲೆಕ್ಕ: ಪಡ್ರೆಯ ಗುಡ್ಡೆಯನ್ನು ಎದುರಿಗಿಟ್ಟುಕೊಂಡು

ಒಂದು ವಸ್ತು ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅರ್ಧಾಯು, ಅದರ ಸೂತ್ರ ಎಲ್ಲರಿಗೂ ಬಾಯಿಪಾಠ. ಎಡವುವುದು ಅದರಲ್ಲಲ್ಲ, ಯಾವುದರ ಅರ್ಧಾಯು ಎಂದು ಕೇಳದೆ ಲೆಕ್ಕಕ್ಕೆ ಕೂರುವುದರಲ್ಲಿ. ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್ ಹಿಡಿದು ಒಮ್ಮೆ ಲೆಕ್ಕ ಮಾಡಿದರೆ ಮತ್ತೆ ಮರೆಯುವುದಿಲ್ಲ.

ಮೊದಲು ನೆಲ ನೋಡಿ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗುಡ್ಡೆಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ತಗ್ಗಿನಲ್ಲಿ ಮನೆ, ಅಡಿಕೆ ತೋಟ, ತೋಡು. ಗೇರಿನ ಚಿಗುರು, ಹೂಗೊಂಚಲಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಿದರು. ಮುರಕಲ್ಲಿನ ಗುಡ್ಡೆ ಮಳೆನೀರು ಕುಡಿದು, ಅಡ್ಡಕ್ಕೆ ಕೊರೆದ ಸುರಂಗಗಳಲ್ಲಿ ಒಸರಿಸುತ್ತದೆ. ಎಷ್ಟೋ ಮನೆಗಳಿಗೆ ಅದೇ ಕುಡಿಯುವ ನೀರು.

ಈಗ ರಸಾಯನ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ (ಇಂಗಾಲದ ಜೊತೆ ಕ್ಲೋರಿನ್ ಸೇರಿದ) ಗುಂಪಿನದು, ನರಗಳ ಮೇಲೆ ಕೆಲಸ ಮಾಡುವ ವಿಷ. ಡಬ್ಬಿಯಲ್ಲಿರುವುದು ಎರಡು ರೂಪಗಳ ಮಿಶ್ರಣ: ಆಲ್ಫಾ ಸುಮಾರು 70 ಭಾಗ, ಬೀಟಾ 30. ಮಣ್ಣಿನಲ್ಲಿ ಆಲ್ಫಾದ ಅರ್ಧಾಯು ಒಂದೆರಡು ತಿಂಗಳು, ಬೀಟಾದ್ದು 3ರಿಂದ 9 ತಿಂಗಳು. ನೆನಪಿಡಬೇಕಾದ್ದು ಮುಂದಿನದು: ಇವು ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಬಾಳುವಂಥದು. ಎಲ್ಲ ಕೂಡಿಸಿ ಲೆಕ್ಕ ಹಾಕಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಅರ್ಧಾಯು ಸುಮಾರು 9 ತಿಂಗಳಿಂದ 6 ವರ್ಷ.

ಸ್ಲೇಟು ಹಿಡಿಯಿರಿ. ಸಿಂಪಡಿಸಿ 10 ತಿಂಗಳಾಯಿತು ಎನ್ನೋಣ, ಆರಂಭದಲ್ಲಿ 100 ಪಾಲು. ಆಲ್ಫಾಕ್ಕೆ 2 ತಿಂಗಳು ಎಂದರೆ ಐದು ಸಲ ಅರ್ಧವಾಗಿ 70ರಲ್ಲಿ ಉಳಿಯುವುದು 2 ಚಿಲ್ಲರೆ. ಬೀಟಾಕ್ಕೆ 9 ತಿಂಗಳು ಎಂದರೆ 30ರಲ್ಲಿ ಸುಮಾರು 14. ಒಟ್ಟು 16, ಬಹುಪಾಲು ಹೋಯಿತು ಅನ್ನಿಸುತ್ತದೆ. ಸಲ್ಫೇಟನ್ನೂ ಸೇರಿಸಿ ನೋಡಿ: 9 ತಿಂಗಳ ಅರ್ಧಾಯುವಿಗೆ 46 ಉಳಿಯಿತು, 6 ವರ್ಷದ್ದಕ್ಕೆ 91! ಅದೇ ಗುಡ್ಡೆ, ಅದೇ 10 ತಿಂಗಳು. ಸೂತ್ರವೂ ಬದಲಾಗಿಲ್ಲ, ಎಣಿಸಿದ್ದು ಮಾತ್ರ ಬೇರೆ.

10 ತಿಂಗಳನ್ನು ನಾನು ಸುಮ್ಮನೆ ಆರಿಸಲಿಲ್ಲ. 2000ದ ಡಿಸೆಂಬರಿನ ಕೊನೆಯ ಸಿಂಪಡಣೆಯಾಗಿ ಸುಮಾರು ಅಷ್ಟೇ ಕಾಲ ಕಳೆದ ಮೇಲೂ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಇಲ್ಲಿನ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತ್ತು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗೇರು ಗುಡ್ಡೆಯ ಬುಡದ ಊರಿನ 117 ಹುಡುಗರನ್ನು ಸಿಂಪಡಣೆಯಿಲ್ಲದ ಕಡೆಯ 90 ಹುಡುಗರ ಜೊತೆ ಹೋಲಿಸಿದರು. ಮೊದಲಿನವರ ರಕ್ತದಲ್ಲಿ ವಿಷ ಹೆಚ್ಚು, ಲೈಂಗಿಕ ಪ್ರೌಢತೆ ತಡ. ಆ 90 ಮಂದಿ ಇಲ್ಲದಿದ್ದರೆ ‘ತಡ’ ಎನ್ನಲು ಅಳತೆಗೋಲೇ ಇರುತ್ತಿರಲಿಲ್ಲ. ನಿಯಂತ್ರಣ ಗುಂಪು ಎಂದರೆ ಇದು. ಆದರೆ ಗುಂಪಿನ ವ್ಯತ್ಯಾಸ ನೋಡಿ ಇಂಥ ಹುಡುಗನಿಗೆ ಇದರಿಂದಲೇ ಹೀಗಾಯಿತು ಎನ್ನಲು ಬರುವುದಿಲ್ಲ.

ಪರೀಕ್ಷೆಗೆ ಬೇಕಾದ ಇಸವಿಗಳು: 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಒಡೆಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಎಂಡೋಸಲ್ಫಾನ್ ಸೇರ್ಪಡೆ, ಮೇ 13ರಂದು ಸುಪ್ರೀಂ ಕೋರ್ಟಿನ ತಡೆ, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವ ಆದೇಶ.

ಇನ್ನೊಂದು ಎಚ್ಚರಿಕೆ. ಮೇಲಿನ ಅರ್ಧಾಯುಗಳು ಮಣ್ಣಿನವು, ಅವನ್ನು ರಕ್ತಕ್ಕೆ ಹಚ್ಚಬೇಡಿ. ದೇಹ ಹೊರಹಾಕುವ ವೇಗ ಬೇರೆ. ಮೇಲಾಗಿ ನೀರು, ಆಹಾರದಲ್ಲಿ ವಿಷ ಉಳಿದಿದ್ದರೆ ಒಂದು ಕಡೆ ಹೊರಹೋಗುತ್ತಿದ್ದಂತೆ ಇನ್ನೊಂದು ಕಡೆ ಒಳಬರುತ್ತಲೇ ಇರುತ್ತದೆ.